ಚಿಕಾಗೋ ಅಪಾರ್ಟ್‌ಮೆಂಟಿನಲ್ಲಿ ನಿತ್ಯಪೂಜೆ: ದೀಪ, ತುಳಸಿ, ಏಕಾದಶಿ ಲೆಕ್ಕ ಹೇಗೆ?

ಶ್ರೀವತ್ಸ_ಸಾಗರ:

ಎಲ್ಲರಿಗೂ ನಮಸ್ಕಾರ. ಅಕ್ಟೋಬರಿನಿಂದ ಚಿಕಾಗೋದಲ್ಲಿ ನಮ್ಮ ವಾಸ. ಮನೆಯ ಸಾಲಿಗ್ರಾಮ ಸಂಪುಟ (ಸಾಲಿಗ್ರಾಮ ಶಿಲೆಗಳನ್ನಿಡುವ ಪೆಟ್ಟಿಗೆ), ಪುಟ್ಟ ಬಾಲಕೃಷ್ಣ, ಗಣಪತಿ ಮೂರೂ ನಮ್ಮ ಜೊತೆಗೇ ಬರುತ್ತಿವೆ. ನಾವು ಮಾಧ್ವರು. ಪೂಜೆ ಒಂದು ದಿನವೂ ನಿಲ್ಲಬಾರದು ಎಂಬುದಷ್ಟೇ ಆಸೆ. ಆದರೆ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡಬೇಕಾದ್ದರಿಂದ ಸಿಗುವುದು ಅರ್ಧ ಗಂಟೆ ಮಾತ್ರ.

ಗೊತ್ತಿದ್ದವರು ದಯವಿಟ್ಟು ತಿಳಿಸಿ. ಮರದ ಚೌಕಟ್ಟಿನ ಕಟ್ಟಡ, ನೆಲಕ್ಕೆ ಕಾರ್ಪೆಟ್, ಹೊಗೆ ಅಲಾರಂ ಇಡೀ ಕಟ್ಟಡಕ್ಕೆ ಒಂದೇ. ಇಂಥಲ್ಲಿ ದೀಪ, ಮಂಗಳಾರತಿ ಹೇಗೆ? ಹಿಮದ ಊರಿನಲ್ಲಿ ವರ್ಷವಿಡೀ ತುಳಸಿ ಸಿಗುವಂತೆ ಮಾಡಬಹುದೇ? ಊರಿನ ಪಂಚಾಂಗ ನೋಡಿ ಏಕಾದಶಿ ಹಿಡಿಯಬೇಕೋ, ಅಲ್ಲಿನ ಲೆಕ್ಕವೇ ಬೇರೆಯೋ? ಅಂಗಡಿಯಲ್ಲಿ ಸಿಗುವ ಮೊಸರು, ಸಕ್ಕರೆ ನೈವೇದ್ಯಕ್ಕೆ ಆಗುತ್ತವೆಯೇ?

ಹೂಬತ್ತಿ:

ಶ್ರೀವತ್ಸ ಅವರೇ, ದೀಪದ ವಿಷಯ ಮೊದಲು ಹೇಳುತ್ತೇನೆ. ತಪ್ಪಿದರೆ ನಿಮಗೆ ಮಾತ್ರವಲ್ಲ, ಇಡೀ ಕಟ್ಟಡಕ್ಕೆ ತೊಂದರೆ.

ಕರ್ಪೂರ ಬಿಟ್ಟುಬಿಡಿ. ಉರಿಯುವಾಗ ಅದು ಕಾರುವ ಕಪ್ಪು ಮಸಿ ಬಹಳ ಸೂಕ್ಷ್ಮ, ಅಲಾರಂ ಹಿಡಿಯುವುದು ಅದನ್ನೇ. ಮಂಗಳಾರತಿಗೆ ತುಪ್ಪದಲ್ಲಿ ನೆನೆದ ಹೂಬತ್ತಿ ಸಾಕು, ಶಾಸ್ತ್ರಕ್ಕೂ ಅದೇ ಮೊದಲ ಆಯ್ಕೆ. ಧೂಪಕ್ಕೆ ಊದಿನಕಡ್ಡಿಯನ್ನು ಮೂರು ತುಂಡು ಮಾಡಿ, ದಿನಕ್ಕೆ ಒಂದು ತುಂಡು.

ಹತ್ತಿ ಕೊಳ್ಳುವಾಗ ಎಚ್ಚರ. ಅಲ್ಲಿನ ಔಷಧಿ ಅಂಗಡಿಯಲ್ಲಿ ಸಿಗುವ ಹತ್ತಿ ಉಂಡೆಗಳಲ್ಲಿ ಎಷ್ಟೋ ಪಾಲಿಯೆಸ್ಟರಿನವು. ಅವು ಬತ್ತಿಯಂತೆ ಉರಿಯುವುದಿಲ್ಲ, ಕರಗಿ ತೊಟ್ಟಿಕ್ಕುತ್ತವೆ, ಪ್ಲಾಸ್ಟಿಕ್ ವಾಸನೆ ಬರುತ್ತದೆ. ಪೊಟ್ಟಣದ ಮೇಲೆ ನೂರಕ್ಕೆ ನೂರು ಹತ್ತಿ ಎಂದಿರಬೇಕು. ಅನುಮಾನವಿದ್ದರೆ ಒಂದೆಳೆ ತೆಗೆದು ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗಟ್ಟಿ ಮಣಿಯಾಗುತ್ತದೆ.

ತುಪ್ಪ ಮನೆಯಲ್ಲೇ ಕಾಯಿಸಿ. ಉಪ್ಪಿಲ್ಲದ ಬೆಣ್ಣೆ ನಾಲ್ಕು ಕಡ್ಡಿ, ಅಂದರೆ 454 ಗ್ರಾಂ, ಕಾಯಿಸಿದರೆ ಸುಮಾರು 350 ಗ್ರಾಂ ತುಪ್ಪ ಬರುತ್ತದೆ. ಗುಳ್ಳೆ ಏಳುವುದು ಪೂರ್ತಿ ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಕಾಯಲಿ. ನೀರಿನಂಶ ಉಳಿದರೆ ದೀಪ ಚಟಚಟ ಎಂದು ಸಿಡಿಯುತ್ತದೆ, ಕಿಡಿ ಕಾರ್ಪೆಟ್ಟಿಗೆ ಬೀಳುತ್ತದೆ. ಚಳಿಗಾಲದಲ್ಲಿ ತುಪ್ಪ ಗಟ್ಟಿಯಾಗುವುದರಿಂದ ವಾರಕ್ಕಾಗುವಷ್ಟು ಬತ್ತಿಗಳನ್ನು ಕರಗಿದ ತುಪ್ಪದಲ್ಲಿ ಅದ್ದಿ ಡಬ್ಬಿಯಲ್ಲಿಟ್ಟರೆ ಬೆಳಿಗ್ಗೆಯ ಸಮಯ ಉಳಿಯುತ್ತದೆ.

ದೀಪ ಹೊಗೆಯಾಡಲು ಮುಖ್ಯವಾಗಿ ಎರಡು ಕಾರಣ. ಬತ್ತಿಯ ತುದಿ ಉದ್ದವಾಗಿ ಚಾಚಿರುವುದು ಒಂದು. ಗೋಧಿ ಕಾಳಿನಷ್ಟು ಮಾತ್ರ ಹೊರಗಿರಲಿ. ಇನ್ನೊಂದು ಗಾಳಿ. ಬಿಸಿಗಾಳಿ ಬರುವ ಜಾಲರಿ ಸಾಮಾನ್ಯವಾಗಿ ಕಿಟಕಿಯ ಕೆಳಗೋ ಚಾವಣಿಯಲ್ಲೋ ಇರುತ್ತದೆ, ಅದರ ಎದುರಿಗೆ ದೇವರ ಗೂಡು ಇಟ್ಟರೆ ಜ್ವಾಲೆ ಅಲ್ಲಾಡಿ ಮಸಿ ಕಟ್ಟುತ್ತದೆ. ಜಾಲರಿಯಿಂದಲೂ ಅಲಾರಂನಿಂದಲೂ ಹತ್ತಡಿ ದೂರವಿರುವ ಗೋಡೆ ಹುಡುಕಿ. ಜ್ವಾಲೆಯ ಮೇಲೆ ಕನಿಷ್ಠ ಎರಡಡಿ ಖಾಲಿ ಜಾಗ ಬೇಕು. ಪುಸ್ತಕದ ಕಪಾಟಿನ ನಡುವಿನ ಅರೆಯಲ್ಲಿ ದೇವರನ್ನಿಟ್ಟು ಅಲ್ಲೇ ದೀಪ ಹಚ್ಚುವುದು ಬೇಡವೇ ಬೇಡ, ಮೇಲಿನ ಹಲಗೆ ಒಳಗೊಳಗೇ ಕರಕಲಾಗುತ್ತದೆ. ದೀಪದ ಕೆಳಗೆ ಅಂಚಿರುವ ಸ್ಟೀಲ್ ಹರಿವಾಣ, ಅದರಲ್ಲಿ ಒಂದು ಬೆರಳು ದಪ್ಪ ಮರಳು.

ಜನ ಹೆಚ್ಚಾಗಿ ಎಡವುವುದು ದೀಪ ಶಾಂತ ಮಾಡುವಾಗ. ಹೂವಿನಿಂದ ಒತ್ತಿದರೆ ಕೆಂಡದಂತಿರುವ ತುದಿ ಅರ್ಧ ನಿಮಿಷ ಬಿಳಿ ಹೊಗೆ ಬಿಡುತ್ತದೆ, ಪೂಜೆಯುದ್ದಕ್ಕೂ ಸುಮ್ಮನಿದ್ದ ಅಲಾರಂ ಆಗ ಕೂಗುತ್ತದೆ. ಉದ್ಧರಣೆಯ (ಪೂಜೆಯ ಪುಟ್ಟ ಚಮಚ) ಹಿಡಿಯಿಂದ ಬತ್ತಿಯ ತುದಿಯನ್ನು ತುಪ್ಪದೊಳಕ್ಕೆ ತಳ್ಳಿ, ಹೊಗೆಯೇ ಬರುವುದಿಲ್ಲ. ಅಲಾರಂ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಅಪರಾಧ ಎನ್ನುವುದು ಒಂದು ಕಡೆ, ಮೇಲಿನ ಮಹಡಿಯಲ್ಲಿ ಮಲಗಿರುವ ಮಕ್ಕಳ ಜೀವದ ಪ್ರಶ್ನೆ ಇನ್ನೊಂದು ಕಡೆ. ಅಡುಗೆ ಒಲೆಯ ಮೇಲಿನ ಫ್ಯಾನ್ ಹಾಕಿದರೆ ಸಾಕೆಂದು ನಂಬಬೇಡಿ. ಅಪಾರ್ಟ್‌ಮೆಂಟುಗಳಲ್ಲಿ ಅನೇಕವು ಹೊಗೆಯನ್ನು ಹೊರಗೆ ಬಿಡದೆ ಸೋಸಿ ಮತ್ತೆ ಒಳಗೇ ಬಿಡುವಂಥವು.

ನಂದಾದೀಪ ಆ ಮನೆಯಲ್ಲಿ ಬೇಡ. ಅರ್ಧ ಚಮಚ ತುಪ್ಪ ಹಾಕಿದರೆ ಪೂಜೆ ಮುಗಿಯುವ ಹೊತ್ತಿಗೆ ದೀಪವೂ ಮುಗಿಯುವ ಹಾಗಿರುತ್ತದೆ. ಉಳಿದ ಹೊತ್ತು ಬೆಳಕಿರಲಿ ಎನಿಸಿದರೆ ಸಣ್ಣ ಎಲ್‌ಇಡಿ ಬಲ್ಬು ಹಾಕಿ. ಅದು ದೀಪಾರಾಧನೆಯ ಬದಲಿಯಲ್ಲ, ದೇವರ ಮುಂದೆ ಕತ್ತಲಿರಬಾರದು ಎಂಬ ಗೌರವ ಅಷ್ಟೇ.

ಬಾಡಿಗೆ ಕರಾರಿನಲ್ಲಿ ಮೇಣದಬತ್ತಿ, ಬೆಂಕಿಯ ಕುರಿತ ಷರತ್ತನ್ನು ಸಹಿಗೆ ಮುಂಚೆ ಓದಿ. ಪೂರ್ತಿ ನಿಷೇಧವಿರುವ ಕಟ್ಟಡಗಳೂ ಇವೆ. ಹಾಗಿದ್ದರೆ ಬೇರೆ ಮನೆ ಹುಡುಕುವುದೇ ಲೇಸು.

ಕೊಡಚಾದ್ರಿ:

ಏಕಾದಶಿಗೆ ಇಷ್ಟೆಲ್ಲ ತಲೆಬಿಸಿ ಯಾಕೆ ಸರ್? ಊರಿನಲ್ಲಿ ತಂದೆತಾಯಿ ಯಾವ ದಿನ ಮಾಡುತ್ತಾರೋ ಅದೇ ತಾರೀಕು ಹಿಡಿದರಾಯಿತು. ಇಲ್ಲವೇ ಅಮೆರಿಕ ಒಂದು ದಿನ ಹಿಂದೆ ಅಂತ ಲೆಕ್ಕ ಹಾಕಿ ಹಿಂದಿನ ದಿನ ಮಾಡಿ.

ಘಟಿಕಾಪಾತ್ರೆ:

ಕೊಡಚಾದ್ರಿ ಅವರೇ, ಎರಡೂ ಸರಿಯಾಗುವುದಿಲ್ಲ, ಕಾರಣ ಹೇಳುತ್ತೇನೆ. ತಿಥಿ ಎಂದರೆ ಸೂರ್ಯಚಂದ್ರರ ನಡುವಿನ ಅಂತರ 12 ಅಂಶ ಬೆಳೆಯುವ ಅವಧಿ. ಅದು ಶುರುವಾಗುವ ಕ್ಷಣ ಭೂಮಿಗೆಲ್ಲ ಒಂದೇ. ಆದರೆ ಯಾವ ದಿನಕ್ಕೆ ಯಾವ ತಿಥಿ ಎಂದು ನಿರ್ಣಯಿಸುವುದು ನಾವಿರುವ ಊರಿನ ಸೂರ್ಯೋದಯ. ಆದ್ದರಿಂದ ಕ್ಷಣವನ್ನು ಪಂಚಾಂಗದಿಂದ ತೆಗೆದುಕೊಂಡು, ಉದಯವನ್ನು ಚಿಕಾಗೋದ್ದೇ ಹಿಡಿಯಬೇಕು.

ಉದಾಹರಣೆಗೆ ಜನವರಿಯ ಒಂದು ವಾರ ಇಟ್ಟುಕೊಳ್ಳೋಣ. ಚಿಕಾಗೋ ಆಗ ಭಾರತಕ್ಕಿಂತ 11 ಗಂಟೆ 30 ನಿಮಿಷ ಹಿಂದೆ. ಏಕಾದಶಿ ಭಾರತದ ಸಮಯ ಮಂಗಳವಾರ ಬೆಳಿಗ್ಗೆ 8.30ಕ್ಕೆ ಶುರುವಾಗಿ ಬುಧವಾರ 7.40ಕ್ಕೆ ಮುಗಿಯುತ್ತದೆ ಎನ್ನೋಣ. ಬೆಂಗಳೂರಿನಲ್ಲಿ ಸೂರ್ಯೋದಯ 6.45ರ ಸುಮಾರಿಗೆ, ಹಾಗಾಗಿ ಅಲ್ಲಿ ಉಪವಾಸ ಬುಧವಾರ. ಅದೇ ತಿಥಿ ಚಿಕಾಗೋದಲ್ಲಿ ಸೋಮವಾರ ರಾತ್ರಿ 9ಕ್ಕೆ ಶುರುವಾಗಿ ಮಂಗಳವಾರ ರಾತ್ರಿ 8.10ಕ್ಕೆ ಮುಗಿಯುತ್ತದೆ. ಮಂಗಳವಾರ 7.15ರ ಉದಯಕ್ಕೆ ಏಕಾದಶಿ ಇದೆ, ಬುಧವಾರದ ಉದಯಕ್ಕೆ ಇಲ್ಲ. ಅಲ್ಲಿ ಉಪವಾಸ ಮಂಗಳವಾರವೇ. ಊರಿನ ತಾರೀಕು ಹಿಡಿದವರು ಬುಧವಾರ, ಅಂದರೆ ಪಾರಣೆ ಮಾಡಿ ಉಪವಾಸ ಮುಗಿಸಬೇಕಾದ ದ್ವಾದಶಿಯಂದು ಉಪವಾಸ ಕೂತಂತಾಯಿತು.

ಹಾಗಾದರೆ ಯಾವಾಗಲೂ ಒಂದು ದಿನ ಮುಂಚೆಯೇ? ಇಲ್ಲ. ಏಕಾದಶಿ ಭಾರತದಲ್ಲಿ ಮಂಗಳವಾರ ಸಂಜೆ 5.50ಕ್ಕೆ ಶುರುವಾಯಿತು ಎನ್ನಿ. ಚಿಕಾಗೋದಲ್ಲಿ ಅದು ಮಂಗಳವಾರ ಬೆಳಿಗ್ಗೆ 6.20. ಉದಯದ ಹೊತ್ತಿಗೆ ಏಕಾದಶಿ ಇದೆ, ಸ್ಮಾರ್ತರಿಗೆ ಅಂದೇ ಉಪವಾಸ. ಮಾಧ್ವರಿಗೆ ಅರುಣೋದಯ ನೋಡಬೇಕು: ಉದಯಕ್ಕಿಂತ ನಾಲ್ಕು ಘಟಿಕೆ, ಅಂದರೆ 96 ನಿಮಿಷ ಮೊದಲು, 5.39ಕ್ಕೆ. ಆಗ ಇನ್ನೂ ದಶಮಿ. ದಶಮೀವಿದ್ಧ, ಅಂದರೆ ದಶಮಿ ತಾಗಿದ ಏಕಾದಶಿಯಾದ್ದರಿಂದ ನಿಮಗೆ ಉಪವಾಸ ಬುಧವಾರ, ಬೆಂಗಳೂರಿನ ದಿನವೇ. ನೋಡಿ, ಒಂದೇ ಕಟ್ಟಡದಲ್ಲಿರುವ ಇಬ್ಬರು ಕನ್ನಡಿಗರಿಗೆ ಬೇರೆ ಬೇರೆ ದಿನ, ಇಬ್ಬರದೂ ಸರಿ.

ಪಾರಣೆಗೆ ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ, ಅದು ಕಳೆದಿರಬೇಕು. ಮೊದಲ ಉದಾಹರಣೆಯಲ್ಲಿ ದ್ವಾದಶಿ 23 ಗಂಟೆಯಷ್ಟಿದ್ದರೆ ಹರಿವಾಸರ ರಾತ್ರಿ ಎರಡರ ಹೊತ್ತಿಗೇ ಮುಗಿಯುತ್ತದೆ, ಬುಧವಾರ ಉದಯವಾದೊಡನೆ ಪಾರಣೆ ಮಾಡಿ ಆಫೀಸಿಗೆ ಹೋಗಬಹುದು. ಉದಯದ ನಂತರ ದ್ವಾದಶಿ ಸ್ವಲ್ಪವೇ ಉಳಿದಿದ್ದರೆ ಸಾಧನದ್ವಾದಶಿ, ಅಂದು ಪೂಜೆ, ನೈವೇದ್ಯ ಎಲ್ಲವನ್ನೂ ಬೇಗ ಮುಗಿಸಬೇಕು.

ಲೆಕ್ಕ ಕೆಡುವ ಜಾಗ ಮೂರು. ಮೊದಲನೆಯದು ಗಡಿಯಾರ ಬದಲಾವಣೆ. ಮಾರ್ಚಿನ ಎರಡನೇ ಭಾನುವಾರದಿಂದ ನವೆಂಬರಿನ ಮೊದಲ ಭಾನುವಾರದವರೆಗೆ 10.30 ಗಂಟೆ ಕಳೆಯಬೇಕು, ಉಳಿದ ಕಾಲ 11.30. ನೀವು ಇಳಿಯುವ ಅಕ್ಟೋಬರಿನಲ್ಲಿ ಒಂದು, ತಿಂಗಳೊಳಗೆ ಇನ್ನೊಂದು. ಎರಡನೆಯದು ಪಂಚಾಂಗ ಬೆರೆಸುವುದು. ಹಳೆಯ ಸೂರ್ಯಸಿದ್ಧಾಂತ ಗ್ರಂಥದ ಲೆಕ್ಕದ ಪಂಚಾಂಗಕ್ಕೂ, ಆಕಾಶದಲ್ಲಿ ಕಾಣುವ ಸ್ಥಾನ ಹಿಡಿದ ದೃಗ್ಗಣಿತಕ್ಕೂ ತಿಥಿಯಲ್ಲಿ ಕೆಲವು ಗಂಟೆಗಳ ವ್ಯತ್ಯಾಸ ಬರುತ್ತದೆ. ನಿಮ್ಮ ಮಠದ್ದು ಯಾವುದೋ ಅದನ್ನೇ ವರ್ಷಪೂರ್ತಿ ಹಿಡಿಯಿರಿ. ಮೊಬೈಲಿನ ದೃಕ್ ಪಂಚಾಂಗ ಒಂದು ತಿಂಗಳು, ಮಠದ್ದು ಇನ್ನೊಂದು ತಿಂಗಳು ಎಂದಾದರೆ ಯಾವುದನ್ನೂ ಪಾಲಿಸಿದಂತಾಗದು. ಮೂರನೆಯದು, ಆ್ಯಪಿನಲ್ಲಿ ಊರು ಬೆಂಗಳೂರೆಂದೇ ಉಳಿದುಬಿಡುವುದು.

ಇದೇ ತತ್ತ್ವ ಬೇರೆ ಕಡೆಗೂ ಅನ್ವಯ. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು ಎಂಬ ಬಾಯಿಪಾಠ ಅಲ್ಲಿ ನಡೆಯದು. ಹಗಲನ್ನು ಎಂಟು ಪಾಲು ಮಾಡಿ ಎರಡನೆಯದು ತೆಗೆಯಬೇಕು. ಡಿಸೆಂಬರಿನ ಚಿಕಾಗೋದಲ್ಲಿ ಹಗಲು 7.15ರಿಂದ 4.20, ಒಂದು ಪಾಲು 68 ನಿಮಿಷ, ರಾಹುಕಾಲ 8.23ರಿಂದ 9.31. ಜೂನಿನಲ್ಲಿ ಹಗಲು 5.15ರಿಂದ ರಾತ್ರಿ 8.30, ಒಂದು ಪಾಲು 114 ನಿಮಿಷ, ರಾಹುಕಾಲ 7.09ರಿಂದ 9.03. ಗೋಕುಲಾಷ್ಟಮಿಯ ಅರ್ಘ್ಯಕ್ಕೆ ಮಧ್ಯರಾತ್ರಿ ಎಂದರೆ ಗಡಿಯಾರದ 12 ಅಲ್ಲ, ಸೂರ್ಯಾಸ್ತಕ್ಕೂ ಮರುದಿನದ ಉದಯಕ್ಕೂ ನಡುವಿನ ಬಿಂದು. ಚಿಕಾಗೋದಲ್ಲಿ ಆ ಕಾಲಕ್ಕೆ ಅದು 12.50ರ ಸುಮಾರು. ಗ್ರಹಣವೂ ಹಾಗೆಯೇ, ಕಂಡ ಊರಿಗೆ ಆಚರಣೆ. 2024ರ ಏಪ್ರಿಲ್ 8ರ ಸೂರ್ಯಗ್ರಹಣ ಭಾರತದಲ್ಲಿ ಕಾಣಲೇ ಇಲ್ಲ, ಚಿಕಾಗೋದಲ್ಲಿ ಸೂರ್ಯನ ಬಹುಪಾಲು ಮುಚ್ಚಿತ್ತು. ಸ್ನಾನ, ಜಪ ಬೇಕಾದದ್ದು ಅಲ್ಲಿದ್ದವರಿಗೆ, ಊರಿನವರಿಗಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ನಿರ್ಜಲ ಉಪವಾಸಕ್ಕೆ ಮುಂಚೆ ವೈದ್ಯರ ಜೊತೆ ಮಾತಾಡಲೇಬೇಕು. ಅಶಕ್ತರಿಗೆ ಹಾಲು ಹಣ್ಣಿನ ಅವಕಾಶ ಶಾಸ್ತ್ರದಲ್ಲೇ ಇದೆ.

ಕೊಡಚಾದ್ರಿ:

ತಿಳಿಯಿತು ಸರ್. ವಿದ್ಧದ ಲೆಕ್ಕ ಇಷ್ಟು ಬಿಡಿಸಿ ಹೇಳಿದ್ದಕ್ಕೆ ವಂದನೆಗಳು.

ಬೃಂದಾವನ_ಕಟ್ಟೆ:

ತುಳಸಿಗೆ ಬರೋಣ. ಊರಿನಿಂದ ಗಿಡ, ಮಣ್ಣು ತರಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದುಕೊಳ್ಳುತ್ತಾರೆ. ಅಲ್ಲಿನ ದೇವಸ್ಥಾನದಲ್ಲಿ ಯಾರನ್ನಾದರೂ ಕೇಳಿ ಒಂದು ಸಸಿ ಪಡೆಯುವುದು ಎಲ್ಲಕ್ಕಿಂತ ಸುಲಭ. ಲೆಮಾಂಟಿನ ರಾಮ ದೇವಸ್ಥಾನ, ಅರೋರಾದ ಬಾಲಾಜಿ ದೇವಸ್ಥಾನ ಎರಡೂ ನಿಮಗೆ ಕಾರಿನ ದೂರದಲ್ಲಿವೆ. ಬೀಜ ಕೊಳ್ಳುವುದಾದರೆ, ಅಮೆರಿಕದಲ್ಲಿ ಹೋಲಿ ಬೇಸಿಲ್ ಹೆಸರಿನಲ್ಲಿ ಮಾರುವುದೆಲ್ಲ ನಮ್ಮ ತುಳಸಿಯಲ್ಲ. ಬೇಗ ಹೂಬಿಟ್ಟು ಒಂದೇ ವರ್ಷಕ್ಕೆ ಮುಗಿಯುವ ಬೇರೊಂದು ಜಾತಿಯೂ ಅದೇ ಹೆಸರಿನಲ್ಲಿ ಬರುತ್ತದೆ. ಕೃಷ್ಣ ತುಳಸಿ ಅಥವಾ ರಾಮ ತುಳಸಿ ಎಂದು ಬರೆದದ್ದನ್ನೇ ಕೇಳಿ ತೆಗೆದುಕೊಳ್ಳಿ. ತರಕಾರಿ ಅಂಗಡಿಯ ಥಾಯ್ ಬೇಸಿಲ್ ತುಳಸಿಯೇ ಅಲ್ಲ.

10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತುಳಸಿ ಸೊರಗುತ್ತದೆ, ಒಂದು ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿದರೂ ಸಾಕು, ಸತ್ತೇಹೋಗುತ್ತದೆ. ಚಿಕಾಗೋದಲ್ಲಿ ಮೇ ತಿಂಗಳ ಉತ್ತರಾರ್ಧದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಬಾಲ್ಕನಿ. ಉಳಿದ ಕಾಲ ದಕ್ಷಿಣದ ಕಿಟಕಿ, ಜೊತೆಗೆ ಗಿಡದ ತಲೆಯಿಂದ ಒಂದಡಿ ಮೇಲೆ ಬಿಳಿ ಎಲ್‌ಇಡಿ ದೀಪ ದಿನಕ್ಕೆ 12ರಿಂದ 14 ಗಂಟೆ. ಟೈಮರ್ ಹಾಕಿಬಿಡಿ. ಕಿಟಕಿಯ ಬೆಳಕನ್ನೇ ನಂಬಿದರೆ ಡಿಸೆಂಬರಿಗೆ ಗಿಡ ಬಳ್ಳಿಯಂತೆ ಉದ್ದವಾಗಿ ಎಲೆ ಉದುರಿಸುತ್ತದೆ. ಕುಂಡ ಎಂಟು ಇಂಚಿನದು, ತಳದಲ್ಲಿ ತೂತಿರಲಿ. ನೀರು ದಿನವೂ ಬೇಡ, ಮೇಲಿನ ಒಂದು ಇಂಚು ಮಣ್ಣು ಒಣಗಿದಾಗ ಮಾತ್ರ. ಪ್ರತಿದಿನ ಒಂದು ತಂಬಿಗೆ ಸುರಿಯುವ ಊರಿನ ಅಭ್ಯಾಸಕ್ಕೆ ಒಳಾಂಗಣದಲ್ಲಿ ಬೇರು ಕೊಳೆಯುತ್ತದೆ. ನಿತ್ಯದ ಪೂಜೆಗೆ ಒಂದು ಉದ್ಧರಣೆ ನೀರು ಹಾಕಿ ನಮಸ್ಕರಿಸಿ, ಸಾಕು. ಮಂಜರಿ ಬಂದ ಹಾಗೆ ಚಿವುಟಿ ದೇವರಿಗೇ ಏರಿಸಿ, ಗಿಡ ಕವಲೊಡೆಯುತ್ತದೆ. ಹೀಟರಿನ ಒಣಗಾಳಿಗೆ ಎಲೆಯ ಕೆಳಗೆ ಕೆಂಪು ನುಸಿ ಬಲೆ ಕಟ್ಟುತ್ತದೆ. ವಾರಕ್ಕೊಮ್ಮೆ ಸಿಂಕಿನಲ್ಲಿ ಎಲೆಯ ಅಡಿಭಾಗ ತೊಳೆದರೆ ಔಷಧಿ ಬೇಕಾಗುವುದಿಲ್ಲ.

ಕುಂಡ ಎರಡಿರಲಿ. ಒಂದೇ ಗಿಡದಿಂದ ನಿತ್ಯ ಕಿತ್ತರೆ ಚಳಿಗಾಲ ದಾಟುವುದಿಲ್ಲ. ತುಳಸಿಗೆ ಪರ್ಯುಷಿತ ದೋಷ, ಅಂದರೆ ಹಳತಾಯಿತೆಂಬ ದೋಷ, ಇಲ್ಲ, ಆದ್ದರಿಂದ ಬೇಸಿಗೆಯಲ್ಲಿ ಹೆಚ್ಚಾದ ದಳಗಳನ್ನು ನೆರಳಿನಲ್ಲಿ ಒಣಗಿಸಿ ಡಬ್ಬಿಯಲ್ಲಿಟ್ಟು ಫೆಬ್ರವರಿಯಲ್ಲಿ ಬಳಸಬಹುದು. ದ್ವಾದಶಿಯಂದು ಕೀಳುವಂತಿಲ್ಲ, ಹಿಂದಿನ ದಿನವೇ ತೆಗೆದಿಡಿ.

ಅಂಗಡಿಯ ಹೂವು ತೀರ್ಥಕ್ಕೆ ಬೀಳದಂತೆ ನೋಡಿಕೊಳ್ಳಿ. ಅವು ತಿನ್ನುವ ಪದಾರ್ಥವಲ್ಲ ಎಂಬ ಲೆಕ್ಕದಲ್ಲೇ ಕೀಟನಾಶಕ ಹೊಡೆದಿರುತ್ತಾರೆ. ಅಲಂಕಾರಕ್ಕೆ ಮಾತ್ರ ಸರಿ. ಹೂವಿಲ್ಲದ ದಿನ ಅಕ್ಷತೆ ಏರಿಸುವ ರೂಢಿ ಉಂಟಲ್ಲ, ಅದು ಗಣಪತಿಗೆ ಸರಿ, ಸಾಲಿಗ್ರಾಮಕ್ಕೆ ಅಲ್ಲ. ವಿಷ್ಣುವಿಗೆ ಅಕ್ಷತೆ ಇಲ್ಲ, ಗಣಪತಿಗೆ ತುಳಸಿ ಇಲ್ಲ. ಸಾಲಿಗ್ರಾಮಕ್ಕೆ ಒಂದು ತುಳಸಿ ದಳವೇ ಪೂರ್ಣ ಪೂಜೆ.

ನೈವೇದ್ಯದ್ದೂ ಹೇಳಿಬಿಡುತ್ತೇನೆ. ಮೊಸರಿನ ಡಬ್ಬಿ ತಿರುಗಿಸಿ ಓದಿ, ಜೆಲಟಿನ್ ಎಂದಿದ್ದರೆ ಅದು ಪ್ರಾಣಿಜನ್ಯ. ಮನೆಯಲ್ಲೇ ಹೆಪ್ಪು ಹಾಕುವುದು ಒಳ್ಳೆಯದು: ಚಳಿಗಾಲದಲ್ಲಿ ಓವನ್ನಿನೊಳಗೆ ಬಲ್ಬು ಮಾತ್ರ ಹಾಕಿ ರಾತ್ರಿಯಿಡೀ ಇಟ್ಟರೆ ಹೆಪ್ಪಾಗುತ್ತದೆ. ಅಮೆರಿಕದ ಕಬ್ಬಿನ ಬಿಳಿ ಸಕ್ಕರೆಯಲ್ಲಿ ಕೆಲವನ್ನು ಮೂಳೆ ಇದ್ದಿಲಿನಲ್ಲಿ ಸೋಸುತ್ತಾರೆ. ಬೀಟ್ ಸಕ್ಕರೆ, ಸಾವಯವ ಸಕ್ಕರೆಗೆ ಆ ಪ್ರಶ್ನೆಯಿಲ್ಲ, ಬೆಲ್ಲವಿದ್ದರೆ ಇನ್ನೂ ಮೇಲು. ಪುಡಿ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುತ್ತದೆ, ಏಕಾದಶಿಯ ಫಲಾಹಾರಕ್ಕೆ ಹಾಕಬೇಡಿ. ಪಂಚಾಮೃತ ತಾಮ್ರದ ಪಾತ್ರೆಯಲ್ಲಿ ಬೇಡ. ಹಾಲು ಮೊಸರನ್ನು ತಾಮ್ರದಲ್ಲಿಡಬಾರದೆಂದು ಹಿರಿಯರು ಹೇಳಿದ್ದು ಸರಿಯಾಗಿದೆ, ಹುಳಿಗೆ ಲೋಹ ಬಿಡುತ್ತದೆ.

ನಿರ್ಮಾಲ್ಯವನ್ನು (ದೇವರಿಗೆ ಏರಿಸಿ ತೆಗೆದ ಹೂವು, ತುಳಸಿ) ಕುಂಡದ ಮಣ್ಣಿಗೇ ಸೇರಿಸಿ. ನದಿಗೆ, ಮಿಷಿಗನ್ ಸರೋವರಕ್ಕೆ ಹಾಕಬೇಡಿ.

ಶ್ರೀವತ್ಸ_ಸಾಗರ:

ಇಷ್ಟು ಸವಿವರವಾಗಿ ಬರೆದ ಎಲ್ಲರಿಗೂ ಅನಂತ ವಂದನೆಗಳು. ಇನ್ನೆರಡು ಉಳಿದಿವೆ. ಸಂಕಲ್ಪದಲ್ಲಿ ದೇಶ ಏನೆಂದು ಹೇಳುವುದು? ಅರ್ಧ ಗಂಟೆಯಲ್ಲಿ ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು? ವಿಮಾನದಲ್ಲಿ ಸಂಪುಟ ತರುವ ಬಗ್ಗೆಯೂ ಎರಡು ಮಾತು.

ಪಂಚಪಾತ್ರೆ:

ಸಂಕಲ್ಪಕ್ಕೆ ಅಮೆರಿಕದ ಅನೇಕ ದೇವಸ್ಥಾನಗಳಲ್ಲಿ ‘ಕ್ರೌಂಚದ್ವೀಪೇ ರಮಣಕವರ್ಷೇ ಐಂದ್ರಖಂಡೇ’ ಎನ್ನುತ್ತಾರೆ. ಜಂಬೂದ್ವೀಪವೆಂದೇ ಉಳಿಸಿಕೊಳ್ಳುವವರೂ ಇದ್ದಾರೆ. ನಿಮ್ಮ ಮಠದಲ್ಲಿ ಕೇಳಿ ಒಂದನ್ನು ಹಿಡಿಯಿರಿ. ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನಗಳು ಅಮೆರಿಕದ ಹಲವು ಊರುಗಳಲ್ಲಿರುವುದರಿಂದ ಕೇಳಲು ಜನವಿದ್ದಾರೆ. ‘ಗೋದಾವರ್ಯಾಃ ದಕ್ಷಿಣೇ ತೀರೇ’ ಮಾತ್ರ ಅಲ್ಲಿ ಹೇಳುವಂತಿಲ್ಲ. ಸಂವತ್ಸರ, ಅಯನ, ಋತು, ಮಾಸ ಊರಿನದ್ದೇ, ತಿಥಿ ವಾರ ನಕ್ಷತ್ರ ಚಿಕಾಗೋದ್ದು.

ಅರ್ಧ ಗಂಟೆ ಕಡಿಮೆಯೇನಲ್ಲ. ಬತ್ತಿ, ತೊಳೆದ ಪಾತ್ರೆ, ಒಣಗಿದ ಮಡಿ ರಾತ್ರಿಯೇ ಸಿದ್ಧವಿದ್ದರೆ ನಿರ್ಮಾಲ್ಯ ವಿಸರ್ಜನೆ, ಕಲಶ ಶಂಖ ಪೂಜೆಗೆ ಐದು ನಿಮಿಷ. ಪುರುಷಸೂಕ್ತದಿಂದ ಅಭಿಷೇಕ ಆರು. ಒರೆಸಿ, ಗಂಧ ತೇಯ್ದು ಹಚ್ಚಿ, ಕೇಶವಾದಿ 24 ನಾಮಗಳಿಂದ ತುಳಸಿ ಏರಿಸಲು ಎಂಟು. ನೈವೇದ್ಯ ಮಂಗಳಾರತಿಗೆ ಏಳು. ಅಭಿಷೇಕಕ್ಕೆ ಒಂದು ಲೋಟ ನೀರು ಧಾರಾಳ. ಆತುರದಲ್ಲಿ ಪುರುಷಸೂಕ್ತವನ್ನು ಸ್ವರ ತಪ್ಪಿಸಿ ಓಡಿಸುವ ಬದಲು ಅಲಂಕಾರ ಕಡಿಮೆ ಮಾಡಿ, ಅಷ್ಟೋತ್ತರವನ್ನು ಶನಿವಾರ ಭಾನುವಾರಕ್ಕೆ ಇಡಿ. ಬಿಡಬಾರದ್ದು ನಾಲ್ಕು: ಅಭಿಷೇಕ, ತುಳಸಿ, ನೈವೇದ್ಯ, ತೀರ್ಥ. ನೈವೇದ್ಯ ಬಿಸಿ ಹಾಲು ಕಲ್ಲುಸಕ್ಕರೆಯಾದರೂ ಆಯಿತು. ಶಂಖ ಊದುವುದು ಬೇಡ, ಮರದ ಕಟ್ಟಡದಲ್ಲಿ ಎರಡು ಮಹಡಿಗೆ ಕೇಳಿಸುತ್ತದೆ. ಗಂಟೆಯನ್ನು ಮೆಲ್ಲಗೆ ಆಡಿಸಿ.

ಚಳಿಗಾಲದಲ್ಲಿ ಸಂಜೆ 4.20ಕ್ಕೇ ಸೂರ್ಯಾಸ್ತ, ಸಾಯಂಸಂಧ್ಯೆ ಆಫೀಸಿನ ಹೊತ್ತಿನಲ್ಲೇ ಬೀಳುತ್ತದೆ. ಮನೆಗೆ ಬಂದು ಕಾಲಾತಿಕ್ರಮದ, ಅಂದರೆ ಹೊತ್ತು ಮೀರಿದ್ದರ, ಪ್ರಾಯಶ್ಚಿತ್ತಾರ್ಘ್ಯ ಒಂದು ಸೇರಿಸಿ ಮಾಡಿ. 108 ಆಗದ ದಿನ ಗಾಯತ್ರಿ 28, ಅದೂ ಆಗದಿದ್ದರೆ 10.

ಮಡಿ ಪಂಚೆಯನ್ನು ಬಾಲ್ಕನಿಯಲ್ಲಿ ಒಣಹಾಕಲು ಅನೇಕ ಕಟ್ಟಡಗಳು ಬಿಡವು. ಸ್ನಾನದ ಮನೆಯಲ್ಲಿ ಮಡಚುವ ಸ್ಟ್ಯಾಂಡ್ ಇಡಿ, ಹೀಟರಿನ ಗಾಳಿಗೆ ಬೇಗ ಒಣಗುತ್ತದೆ. ಒಂದು ಮಗುಟ (ರೇಷ್ಮೆ ಪಂಚೆ) ಜೊತೆಗಿದ್ದರೆ ಒಣಗದ ದಿನ ಕೈಹಿಡಿಯುತ್ತದೆ.

ಸಂಪುಟ ಕೈಚೀಲದಲ್ಲೇ ಬರಲಿ, ಲಗೇಜಿಗೆ ಹಾಕಬೇಡಿ. ಸಾಲಿಗ್ರಾಮಗಳನ್ನು ಒಂದೊಂದಾಗಿ ಹತ್ತಿ ಬಟ್ಟೆಯಲ್ಲಿ ಸುತ್ತಿ. ತಪಾಸಣೆಯಲ್ಲಿ ಕಲ್ಲು ಪರದೆಯ ಮೇಲೆ ಗಟ್ಟಿಯಾಗಿ ಕಾಣುವುದರಿಂದ ತೆರೆಯಲು ಹೇಳಬಹುದು. ಆಗ ಪೂಜೆಯ ವಸ್ತುವೆಂದು ತಿಳಿಸಿ, ನಾನೇ ಬಿಚ್ಚಿ ತೋರಿಸಲೇ ಎಂದು ಕೇಳಿ. ಗಂಗೆಯ ತಾಲಿ (ಗಂಗಾಜಲ ತುಂಬಿದ ಪುಟ್ಟ ಪಾತ್ರೆ) 100 ಮಿಲಿಲೀಟರಿಗಿಂತ ದೊಡ್ಡದಾಗಿದ್ದರೆ ಕೈಚೀಲದಲ್ಲಿ ಬಿಡುವುದಿಲ್ಲ, ಅದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲಗೇಜಿಗೆ. ಅಲ್ಲಿ ಇಳಿದ ಮೇಲೆ ಹೀಟರ್ ಹಾಕಿದ ಮನೆಯ ಒಣ ಹವೆಗೆ ಮರದ ಸಂಪುಟ, ಮಣೆ ಸೀಳುಬಿಡುತ್ತವೆ. ಬೆಳ್ಳಿ ಅಥವಾ ಹಿತ್ತಾಳೆಯ ಸಂಪುಟ ಮಾಡಿಸಿಕೊಂಡೇ ಹೊರಡುವುದು ಒಳ್ಳೆಯದು. ಮರದ್ದೇ ಆದರೆ ಅಭಿಷೇಕದ ನಂತರ ಸಾಲಿಗ್ರಾಮದ ಚಕ್ರದ ಒಳಗಿನ ನೀರನ್ನೂ ಬಟ್ಟೆಯ ತುದಿಯಿಂದ ಪೂರ್ತಿ ತೆಗೆದು ಒಳಗಿಡಿ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ.